ಗಾಜಿನ ಅಂಟು ಆರುವವರೆಗೆ

"ಈ ಕಾರಿನ ಮುಂದಿನ ಗಾಜು ಬದಲಾಯಿಸೋಕೆ ಎಷ್ಟೊತ್ತು ಬೇಕು?"

ಕೇಳಿದವಳು ಮಧುಶ್ರೀ. ಯಾರನ್ನು ಕೇಳುತ್ತಿದ್ದೇನೆ ಅಂತ ಪಾಪ ಅವಳಿಗಿನ್ನೂ ಗೊತ್ತಿಲ್ಲ. ಆತ ಬೆನ್ನು ಹಾಕಿಕೊಂಡು ಯಾವುದೋ ಜೀಪಿನ ವೈಪರ್ ಬಿಗಿ ಮಾಡುತ್ತಿದ್ದ. ಅವಳ ದನಿ ಕಿವಿಗೆ ಬಿದ್ದದ್ದೇ ತಡ, ಅವನ ಕೈ ನಿಂತುಹೋಯಿತು.

ನಿಧಾನಕ್ಕೆ ತಿರುಗಿದ.

ಚೆಲುವರಾಜು!

ಅಯ್ಯೋ ದೇವರೇ... ಇಡೀ ಹುಣಸೂರಿನಲ್ಲಿ ಬೇರೆ ಅಂಗಡಿಯೇ ಇರಲಿಲ್ಲವಾ? ಪಂಕ್ಚರ್ ಹಾಕುವವನು ದಾರಿ ತೋರಿಸಿ ಕಳಿಸಿದ್ದು ಇಲ್ಲಿಗೇ ನೋಡಿ!

ಮೂರು ವರ್ಷದ ಹಿಂದೆ ಕೆ.ಆರ್. ನಗರದಲ್ಲಿ ಕಾಲೇಜು ಬಿಟ್ಟಾಗ ಊರಿನ ಬಸ್ಸಿನಲ್ಲಿ ಇವಳಿಗಾಗಿ ಸೀಟು ಹಿಡಿಯುತ್ತಿದ್ದವನು ಇವನೇ. 'ಭಾನುವಾರ ದೊಡ್ಡಪ್ಪನ ಕರ್ಕೊಂಡು ಹೆಣ್ಣು ಕೇಳಕ್ಕೆ ಬತ್ತೀನಿ' ಅಂದವನೂ ಇವನೇ. ಆ ಭಾನುವಾರ ಬಾರದೇ ಹೋದವನೂ ಇವನೇ.

"ಕೂರ್ಸಕ್ಕೆ ಒಂದೂವರೆ ಗಂಟೆ..." ಚೆಲುವರಾಜು ಬಿರುಕು ಬಿಟ್ಟ ಗಾಜಿನತ್ತ ತಿರುಗಿದ. "ಅಂಟು ಹಿಡಿಯಕ್ಕೆ ಇನ್ನೊಂದು ಮೂರು ಗಂಟೆ. ಅಲ್ಲಿಗಂಟ ಗಾಡಿ ಓಡಿಸಂಗಿಲ್ಲ."

"ಅಷ್ಟೊತ್ತಾ? ಬೇಕು ಅಂತಲೇ ಹೇಳ್ತಿದ್ದೀರಾ?"

"ಕೆಲ್ಸದ ವಿಷ್ಯದಲ್ಲಿ ಸುಳ್ಳು ಹೇಳಲ್ಲ ಮೇಡಂ."

'ಮೇಡಂ ಅಂತೆ, ಮೇಡಂ! ಬೇರೆ ವಿಷಯದಲ್ಲಿ ಹೇಳಬಹುದೋ?' ಅವಳು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅವಳ ಅವ್ವ ಮಾಯಮ್ಮ ಇಳಿದರು. ಎಲೆ, ಅಡಿಕೆ, ತೆಂಗಿನಕಾಯಿ ಕಟ್ಟಿದ ಗಂಟು ಕಂಕುಳಲ್ಲಿ. ಆ ಭಾನುವಾರ ಯಾರೂ ಮನೆ ತನಕ ಬರಲೇ ಇಲ್ಲವಲ್ಲ, ಹಾಗಾಗಿ ಚೆಲುವರಾಜುವಿನ ಮುಖ ಅವರು ನೋಡಿಲ್ಲ.

"ಬೇಗ ಮಾಡ್ಕೊಡಪ್ಪ, ನಿಂಗೆ ಕೈ ಮುಗೀತೀನಿ. ಸಂಜೆಗೆ ಅಂತರಸಂತೇಲಿ, ನಮ್ಮಣ್ಣನ ಮನೇಲಿ, ನನ್ ಮಗಳ ವೀಳ್ಯ. ಶುಂಠಿ ಲಾರಿಯಿಂದ ಎಂಥದೋ ಕಲ್ಲು ಸಿಡೀತು, ನೋಡು ಇಂಗಾಯ್ತು!"

ವೀಳ್ಯ! ಚೆಲುವರಾಜು ಮಧುಶ್ರೀಯ ಮುಖ ನೋಡಿದ. ಅವಳು ನೆಲ ನೋಡಿದಳು. ಎರಡೂ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮುಗಿಯಿತು, ಆಮೇಲೆ ಕೊಟ್ಟ ಮಾತು ಹಿಂದಕ್ಕಿಲ್ಲ.

"ಬಸ್ಸಲ್ಲಿ ಓಗ್ಬೋದಲ್ಲಮ್ಮ?" ಅಂದ, ಕಷ್ಟಪಟ್ಟು.

"ಕಾರೆಲ್ಲಿ ಅಂತ ಬೀಗರು ಕೇಳಿದ್ರೆ ಏನನ್ನನ? ಶುಭಕಾರ್ಯಕ್ಕೆ ಹೊರಟಾಗ ಗಾಜು ಒಡೀತು ಅಂತ ಗೊತ್ತಾದ್ರೆ ಎದ್ದೋಯ್ತಾರೆ ಕಣಪ್ಪ! ಒಡೆದದ್ದೇ ಯಾರಿಗೂ ಗೊತ್ತಾಗಬಾರ್ದು."

ಚೆಲುವರಾಜು ಕಾರಿನ ಬಳಿ ಹೋದ. ವೈಪರ್ ಬಿಚ್ಚಿದ. ಹಳೆಯ ಅಂಟನ್ನು ತಂತಿಯಿಂದ ಕೊಯ್ದ. ಬಿರುಕು ಬಿಟ್ಟ ಗಾಜನ್ನು ಕಿತ್ತು ಗೋಡೆಗೆ ಒರಗಿಸಿದ. ಚೌಕಟ್ಟು ಒರೆಸಿ ಕಪ್ಪು ಅಂಟನ್ನು ಸುತ್ತಲೂ ಬಳಿದ. ತನ್ನ ಕೈಯಾರೆ ಇವಳನ್ನು ಇನ್ನೊಬ್ಬನ ಮನೆಗೆ ಕಳಿಸಲು ಗಾಡಿ ಸಿದ್ಧ ಮಾಡುತ್ತಿದ್ದಾನೆ... ಎಂಥ ಹಣೆಬರಹ ನೋಡಿ!

ಹೊಸ ಗಾಜು ಕೂರಿಸಲು ಇಬ್ಬರು ಬೇಕು. ಜೊತೆಗಾರ ಸುರೇಶ್ ಸಾಮಾನು ತರಲು ಮೈಸೂರಿಗೆ ಹೋಗಿದ್ದ.

"ಒಂದು ಕಡೆ ಹಿಡ್ಕೋತೀರಾ?"

ಮಧುಶ್ರೀ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಗಾಜಿಗೆ ಕಚ್ಚಿಸಿದ್ದ ರಬ್ಬರ್ ಹಿಡಿಯನ್ನು ಆ ಕಡೆಯಿಂದ ಅವನು, ಈ ಕಡೆಯಿಂದ ಇವಳು ಹಿಡಿದು ಎತ್ತಿದರು. ನಡುವೆ ಗಾಜು ಮಾತ್ರ. ಅವನ ಕಣ್ಣು ಕೆಂಪಾಗಿರುವುದು ಅವಳಿಗೆ ಕಂಡಿತು. 'ನೀನ್ಯಾಕೆ ಅಳ್ತೀಯಾ? ಬಿಟ್ಟು ಹೋದವನು ನೀನು ತಾನೇ?'

ಪಕ್ಕದಲ್ಲಿ ಮಾಯಮ್ಮನ ಗೊಣಗಾಟ ನಿಂತಿರಲಿಲ್ಲ. "ಇವತ್ತೇ ಒಡೀಬೇಕಾ ಈ ಹಾಳು ಗಾಜು..."

ಮಧುಶ್ರೀಗೆ ರೇಗಿಹೋಯಿತು. "ಗಾಜು ತಾನೇ ಅವ್ವ? ಒಡೀತು, ಹಾಕ್ತಾ ಇದ್ದಾರೆ. ಅದಕ್ಕೇನೀಗ?"

"ಅದಕ್ಕೇನಾ? ದಾರೀಲಿ ಗಾಡಿ ಗಾಜು ಒಡೆದಿದ್ದಕ್ಕೇ ಕಣೇ ಆ ಕೆ.ಆರ್. ನಗರದೋರು ಅರ್ಧ ದಾರೀಲಿ ವಾಪಸ್ ಓಗಿದ್ದು!"

ಮಾತು ಬಾಯಿ ಜಾರಿತ್ತು. ಮಾಯಮ್ಮ ತುಟಿ ಕಚ್ಚಿಕೊಂಡರು.

"ಏನಂದೆ? ಅವರು... ಹೊರಟಿದ್ರಾ?"

"ಹೊರಟಿದ್ರು... ಮುಂದಿನ ವಾರ ಬತ್ತೀವಿ ಅಂತ ಮದುವೆ ಮಾತಾಡೋ ಗೋವಿಂದಯ್ಯನ ಕೈಲಿ ಹೇಳೂ ಕಳ್ಸಿದ್ರು. ನಾನೇ ಬ್ಯಾಡ ಅಂದೆ. ಮೊದಲ ದಿನವೇ ಒಡಕು ಕಂಡ ಸಂಬಂಧ ನನ್ ಮಗಳಿಗ್ಯಾಕೆ ಅಂತ... ನಿನಗೆ ಹೇಳಿದ್ರೆ ಹಟ ಮಾಡ್ತಿದ್ದೆ."

ಮಧುಶ್ರೀಯ ಕೈಯಲ್ಲಿ ಜೀವವೇ ಇಲ್ಲದಂತಾಯಿತು. ಗಾಜು ವಾಲಿತು!

"ಮಧು, ಬಿಡಬ್ಯಾಡ!"

ಅವನು ಕೂಗಿಯೇಬಿಟ್ಟ. ಅವಳು ಬೆಚ್ಚಿ ಗಟ್ಟಿಯಾಗಿ ಹಿಡಿದಳು. ಇಬ್ಬರೂ ಉಸಿರು ಬಿಗಿಹಿಡಿದು ಗಾಜನ್ನು ಚೌಕಟ್ಟಿಗೆ ಇಳಿಸಿದರು. ಅವನು ಅಂಚು ಒತ್ತಿ ಟೇಪು ಅಂಟಿಸಿದ.

ಆಮೇಲೆ ಮಾಯಮ್ಮ ಕೇಳಿದರು. "ನನ್ ಮಗಳ ಹೆಸರು ನಿನಗೆಂಗಪ್ಪ ಗೊತ್ತು?"

"ಆ ಕೆ.ಆರ್. ನಗರದ ಹುಡುಗ ನಾನೇ ಕಣಮ್ಮ."

ಮಾಯಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕುಳಿತರು.

ಇನ್ನು ಅಂಟು ಆರಬೇಕು. ಮಧುಶ್ರೀ ಹೊರಗೆ ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಅವನೂ ಹಿಂದೆಯೇ ಬಂದ.

"ಎಷ್ಟು ಸಲ ಫೋನ್ ಮಾಡ್ದೆ ಗೊತ್ತಾ? ನೀನು ಬ್ಲಾಕ್ ಮಾಡಿದ್ದೆ. ಗಾಜು ಒಡೆದ ಸುದ್ದಿ ಕೇಳಿ ನೀನೂ ಹೆದರಿಕೊಂಡೆ, ಅದಕ್ಕೇ ಬ್ಯಾಡ ಅಂದಿದ್ದೀಯ ಅನ್ಕೊಂಡೆ."

"ನಾನಾ? ಬೀದಿಯವರೆಲ್ಲ 'ಎಲ್ಲವ್ವ ನಿಮ್ಮ ನೆಂಟರು' ಅಂತ ಕೇಳ್ತಿದ್ರೆ ಸಂಜೆವರೆಗೂ ಬಾಗಿಲಲ್ಲೇ ನಿಂತಿದ್ದೆ. ಮಾಡಿದ ಒಬ್ಬಟ್ಟೆಲ್ಲ ಹಸುಗೆ ಹಾಕಿದ್ವಿ. ಬ್ಲಾಕ್ ಮಾಡದೆ ಆರತಿ ಎತ್ತಬೇಕಿತ್ತಾ?"

"ದೊಡ್ಡಪ್ಪ ಗಾಡಿ ತಿರುಗ್ಸು ಅಂದ್ಬುಟ್ರು ಮಧು..."

"ಗಾಡಿ ತಿರುಗ್ತು, ಸರಿ. ನೀನು ಇಳಿದು ಬರಬಹುದಿತ್ತಲ್ಲ! ನಿನಗೆ ಕಾಲಿರಲಿಲ್ವಾ?"

ಅವನು ತಲೆ ತಗ್ಗಿಸಿದ.

"ಇರ್ಲಿಲ್ಲ ಅನ್ಕೋ. ಹಿರೀರ ಮಾತು ಮೀರಕ್ಕೆ ಧೈರ್ಯ ಸಾಲ್ದೆ ಕುಂತ್ಬುಟ್ಟೆ. ತಪ್ಪಾಯ್ತು. ಇನ್ನೊಬ್ಬರು ಹಂಗೆ ಅರ್ಧ ದಾರೀಲಿ ತಿರುಗೋದು ಬ್ಯಾಡ ಅಂತಲೇ ಈ ಕೆಲ್ಸ ಕಲ್ತೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟಿಗೋ, ಸಂಕಟಕ್ಕೋ, ಅವಳಿಗೇ ಗೊತ್ತಾಗಲಿಲ್ಲ. ಅಷ್ಟು ದಿನ ಬೈದುಕೊಂಡಿದ್ದ ಮನಸ್ಸು ಈಗ 'ಇವನೇ ಬೇಕು' ಅಂತ ಹಟ ಹಿಡಿದಿತ್ತು. ಅಂತರಸಂತೆಯಲ್ಲಿ ಚಾಪೆ ಹಾಸಿ ಕಾಯುತ್ತಿರುವ ಜನ ಕಣ್ಣಮುಂದೆ ಬಂದರು. ವೀಳ್ಯಕ್ಕೆ ಬಂದಿರುವ ಗಂಡು, ಬೀಚನಹಳ್ಳಿಯ ಮಹೇಶ್‌ಕುಮಾರ್ ಕೆಟ್ಟವನಲ್ಲ. ಅವನ ಎಲೆಗೆ ಕೈಯೊಡ್ಡಿ, ಮನಸ್ಸು ಮಾತ್ರ ಇಲ್ಲೇ ಬಿಟ್ಟು ಹೋಗುವುದಾ? ಛೇ!

ಅವಳು ಕಣ್ಣೊರೆಸಿಕೊಂಡು ಒಳಗೆ ಬಂದಳು.

"ಅವ್ವ, ನಾನು ವೀಳ್ಯಕ್ಕೆ ಬರಲ್ಲ."

ಮಾಯಮ್ಮ ಮಡಿಲ ಗಂಟನ್ನು ಸವರಿದರು. ಬೈಗುಳ ಬರುತ್ತದೆ ಅಂತ ಅವಳು ಕಾದಳು. ಬಂದದ್ದು ಸಣ್ಣ ದನಿ.

"ಅಂಗಾದ್ರೆ... ಗಾಜು ಒಡೀತು ಅಂತ ಹೇಳ್ಬುಡು. ಅವ್ರೇ ಬ್ಯಾಡ ಅಂತಾರೆ. ನಮ್ ಮೇಲೆ ಮಾತು ಬರಲ್ಲ."

ಎಷ್ಟು ಸುಲಭದ ದಾರಿ! ಮಧುಶ್ರೀ ಗೋಡೆಗೆ ಒರಗಿದ್ದ ಹಳೆಯ ಗಾಜಿನತ್ತ ನೋಡಿದಳು.

"ಬೇಡ ಅವ್ವ. ಒಂದು ಸಲ ತಪ್ಪನ್ನ ಗಾಜಿನ ಮೇಲೆ ಹಾಕಿ ಏನಾಯ್ತು ನೋಡಿದ್ವಲ್ಲ."

ಫೋನ್ ಹಚ್ಚಿದಳು.

"ಮಹೇಶ್ ಅವರೇ... ನಾನು ಬರ್ತಾ ಇಲ್ಲ. ತಪ್ಪು ನಂದು. ನನ್ನ ಮನಸ್ಸು ಬೇರೆ ಕಡೆ ಇದೆ. ಅದನ್ನ ಮುಚ್ಚಿಟ್ಟು ನಿಮ್ಮ ಎಲೆ ತಗೊಳ್ಳೋಕೆ ನನ್ನಿಂದ ಆಗಲ್ಲ."

ಆ ಕಡೆ ಹಿನ್ನೆಲೆಯಲ್ಲಿ ಹೆಂಗಸರ ನಗು, ಪಾತ್ರೆಯ ಸದ್ದು. ಕೊನೆಗೆ ಮಹೇಶ್‌ಕುಮಾರ್, "ಜನ ಎಲ್ಲ ಬಂದ್ಬುಟ್ಟವ್ರೆ ಕಣ್ರೀ..." ಅಂದ. ಅವನ ದನಿ ಒಡೆದಿತ್ತು. "ಇರ್ಲಿ. ಎಲೆ ಬದಲಾಯ್ಸೋ ಮುಂಚೆನಾದ್ರೂ ಹೇಳಿದ್ರಲ್ಲ. ನಮ್ಮೋರಿಗೆ ನಾನೇ ಹೇಳ್ತೀನಿ."

ಫೋನ್ ಕಟ್ಟಾಯಿತು. ಒಬ್ಬ ಒಳ್ಳೆಯ ಮನುಷ್ಯನನ್ನು ಊರ ಮುಂದೆ ತಲೆ ತಗ್ಗಿಸುವಂತೆ ಮಾಡಿದೆನಲ್ಲ ಅನ್ನುವ ನೋವು ಅವಳನ್ನು ಸುಮ್ಮನೆ ಬಿಡಲಿಲ್ಲ. ಮರುಕ್ಷಣವೇ ಸೋದರಮಾವನ ಫೋನು ಬಡಿದುಕೊಳ್ಳತೊಡಗಿತು.

"ಕೊಡಿಲ್ಲಿ," ಮಾಯಮ್ಮ ಕೈ ಚಾಚಿದರು. "ನಮ್ಮಣ್ಣನ ಬೈಗುಳ ನಾನು ತಿಂತೀನಿ. ಆವತ್ತು ಬ್ಯಾಡ ಅಂದೋಳು ನಾನು ತಾನೆ."

ಫೋನು ಹಿಡಿದು ಹೊರಗೆ ಹೋಗುವಾಗ ಅವರು ಎಲೆಯ ಗಂಟಿಗೆ ಬಕೆಟ್ಟಿನ ನೀರು ಚಿಮುಕಿಸಿ ನೆರಳಿಗಿಟ್ಟರು. ಚೆಲುವರಾಜುವಿನ ಕಡೆ ತಿರುಗಿ, "ನಾಳಿದ್ದು ಭಾನುವಾರ. ಎಲೆ ಬಾಡೋದ್ರೊಳಗೆ ಬಂದ್ರೆ ಬಾ," ಅಂದರು. ಅವನು ಕೈ ಮುಗಿದ.

ಬಿಸಿಲು ಇಳಿದ ಮೇಲೆ ಅವನು ಟೇಪಿನ ಅಂಚು ಒತ್ತಿ ನೋಡಿದ.

"ಹಿಡಿದೈತೆ. ಬಾಗಿಲು ಜೋರಾಗಿ ಹಾಕ್ಬ್ಯಾಡ, ಕಿಟಕಿ ಒಂಚೂರು ಇಳ್ಸಿರು. ಗುಂಡೀಲಿ ನಿಧಾನ."

ಅವಳು ಸ್ಟೇರಿಂಗ್ ಹಿಡಿದು ಕುಳಿತಳು. ಹೊಸ ಗಾಜಿನ ಆಚೆ ಅವನು ನಿಂತಿದ್ದ. ಮನಸ್ಸಿನಲ್ಲಿದ್ದ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಚೆಲುವ..."

"ಹೂಂ?"

"ಭಾನುವಾರ ಬರೋವಾಗ ಮತ್ತೆ ಗಾಜು ಒಡೆದ್ರೆ?"

ಅವನು ಕಿಟಕಿಯ ಹತ್ತಿರ ಬಂದು ಬಗ್ಗಿದ.

"ಇಳಿದು ನಡ್ಕೊಂಡು ಬತ್ತೀನಿ ಕಣೆ."