ಪ್ರೋಬ್ ಬಿಡದ ಕೈ

ಪಟ್ಟನೆ ಬಿತ್ತು ಏಟು, ಅವಳ ಮಣಿಕಟ್ಟಿಗೆ!

ಅವಳ ಕೈಯಲ್ಲಿದ್ದ ದೊಡ್ಡ ಸಿರಿಂಜ್ ಹಾರಿ ಗೋಡೆಗೆ ಬಡಿಯಿತು. ಸಲೈನ್ ನೆಲದ ತುಂಬಾ ಚೆಲ್ಲಿತು.

"ಇನ್ನಷ್ಟು ನೀರು ಹೋದ್ರೆ ಈ ಮಗು ಉಳಿಯಲ್ಲ!"

ಹೊಡೆದವನು ಹೃದಯದ ಸ್ಕ್ಯಾನ್ ಮಾಡುವ ಹೊಸ ಡಾಕ್ಟರ್. ಹಗಲಿಡೀ ಕತ್ತಲೆ ಕೋಣೆಯಲ್ಲಿ ಕೂರುತ್ತಾನೆಂದು ನರ್ಸ್‌ಗಳು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದರು. ಅವನ ಒಂದು ಕೈ ಪುಟ್ಟ ಹುಡುಗಿಯ ಎದೆಗೆ ಸ್ಕ್ಯಾನ್ ಯಂತ್ರದ ಪ್ರೋಬ್ ಒತ್ತಿಕೊಂಡೇ ಇತ್ತು.

ಅವಳು ಮಕ್ಕಳ ಐಸಿಯು ಡಾಕ್ಟರ್. ಅಲ್ಲಿ ಅವಳ ಹೆಸರು ಪಟಾಕಿ. ಪಟಾಕಿ ಸುಮ್ಮನಿರುತ್ತದೆಯೇ?

ಚಟಾರ್! ಎಲ್ಲರೆದುರೇ ಅವನ ಕೆನ್ನೆಗೆ ಬಾರಿಸಿದಳು.

"ಬಿ.ಪಿ. ಪಾತಾಳಕ್ಕಿಳಿದಿದೆ, ಕಣ್ಣು ಕಾಣ್ಸಲ್ವಾ? ನೀರು ಕೊಡದೆ ಮುಖ ನೋಡ್ತಾ ನಿಂತ್ಕೊಳ್ಲಾ?"

'ಎಂಥಾ ಸೊಕ್ಕು ಇವನಿಗೆ! ಜನ್ಮದಲ್ಲಿ ಕ್ಷಮಿಸಲ್ಲ...'

ಅಷ್ಟರಲ್ಲಿ ಬಾಗಿಲು ದಡಾರೆಂದಿತು. ಹುಡುಗಿಯ ಅಪ್ಪ! ಲಾರಿ ಓಡಿಸಿ ಗಟ್ಟಿಯಾದ ಕೈಗಳು, ಅತ್ತು ಕೆಂಪಾದ ಕಣ್ಣುಗಳು. ಚೆಲ್ಲಿದ ಸಲೈನ್ ನೋಡಿದ್ದೇ ತಡ, ಅವನ ತಲೆ ಕೆಟ್ಟಿತು.

"ಔಷಧಿ ನೆಲಕ್ಕೆ ಚೆಲ್ತೀರಾ? ನನ್ ಮಗಳನ್ನ ಸಾಯಿಸ್ತೀರೇನ್ರೋ!"

ಕಬ್ಬಿಣದ ಸ್ಟೂಲ್ ಎತ್ತಿ ಅವಳ ಮೇಲೆ ಬೀಸಿದ. ಗೂಬೆ ಇದ್ದಲ್ಲಿಂದಲೇ ಬಾಗಿ ಅಡ್ಡ ಬಂದ. ಮೊದಲ ಏಟು ಭುಜಕ್ಕೆ, ಎರಡನೆಯದು ಹಣೆಗೆ. ರಕ್ತ ಹುಬ್ಬಿನಿಂದಿಳಿದು ಸ್ಕ್ಯಾನ್ ಪರದೆಯ ಮೇಲೆ ತೊಟ್ಟಿಕ್ಕಿತು.

ಪ್ರೋಬ್ ಹಿಡಿದ ಕೈ ಮಾತ್ರ ಅಲುಗಲಿಲ್ಲ.

"ನನ್ನ ನೋಡ್ಬೇಡಿ... ಪರದೆ ನೋಡಿ!" ಎಂದು ಕಿರುಚಿದ.

ಅವಳು ಅಂಗೈಯಿಂದ ರಕ್ತ ಒರೆಸಿ ನೋಡಿದಳು. ಪುಟ್ಟ ಹೃದಯ ತುಂಬಿ ಉಬ್ಬಿತ್ತು. ಹಿಂಡುವ ಶಕ್ತಿಯೇ ಇಲ್ಲ. ಬಂದ ನೀರನ್ನು ಮುಂದೆ ತಳ್ಳಲಾರದೆ ನಡುಗುತ್ತಿತ್ತು, ಅಷ್ಟೇ.

'ಅಯ್ಯೋ... ನಾನೇ ಈ ಮಗುನ ಮುಳುಗಿಸ್ತಿದ್ದೆನಲ್ಲಾ!'

"ಡ್ರಿಪ್ ನಿಲ್ಸಿ, ಸಿಸ್ಟರ್! ಹೃದಯಕ್ಕೆ ಶಕ್ತಿ ಕೊಡೋ ಔಷಧಿ ಶುರು ಮಾಡಿ, ಬೇಗ!" ಎಂದು ಕೂಗಿದಳು.

ಕಾವಲಿನವರು ಅಪ್ಪನನ್ನು ನೆಲಕ್ಕೆ ಕೆಡವಿದರು. ಅವನು ಒದೆಯುತ್ತಲೇ ಇದ್ದ, ಅಳುತ್ತಲೇ ಇದ್ದ. ಒದೆತಕ್ಕೆ ಟ್ರಾಲಿಯೊಂದು ಉರುಳಿಬಿತ್ತು. ಯಾರೂ ತಿರುಗಿ ನೋಡಲಿಲ್ಲ.

"ಇನ್ನೂ ಸ್ವಲ್ಪ ಏರಿಸಿ," ಎನ್ನುತ್ತಿದ್ದ ಗೂಬೆ, ಒಂದೇ ಕಣ್ಣಲ್ಲಿ ಪರದೆ ನೋಡುತ್ತಾ. "ಸಾಕು... ತಡೀರಿ... ಹಿಂಡ್ತಿದೆ! ನೋಡಿ, ಹಿಂಡ್ತಿದೆ!"

"ಬಿ.ಪಿ. ಏರ್ತಿದೆ ಮೇಡಂ!" ಸಿಸ್ಟರ್ ಅತ್ತೇಬಿಟ್ಟಳು.

ಸಂಜೆಯ ಹೊತ್ತಿಗೆ, ಹಣೆಗೆ ಹತ್ತಿ ಒತ್ತಿಕೊಂಡು ಗೂಬೆ ಇನ್ನೂ ಸ್ಕ್ಯಾನ್ ನೋಡುತ್ತಿರುವಾಗಲೇ, ಹುಡುಗಿ ಕಣ್ಣು ಬಿಟ್ಟಳು. ತುಟಿ ಅಲುಗಿತು. "ಅಪ್ಪಾ..."

ಅಷ್ಟು ದೊಡ್ಡ ಗಂಡಸು ಬಾಗಿಲಲ್ಲೇ ಕುಸಿದು, ಗೂಬೆಗೆ ಕೈ ಮುಗಿದು ಬಿಕ್ಕಿದ. "ಸ್ವಾಮೀ, ಈ ಕೈ ಮುರಿದು ಹಾಕಿ..."

"ಆ ಕೈ ಮಗಳಿಗೆ ಬೇಕು. ಹೋಗಿ, ಹಿಡ್ಕೊಳ್ಳಿ."

ಆಮೇಲೆ ಪಟಾಕಿ ಗೂಬೆಯನ್ನು ಹಾಸಿಗೆಯ ಪಕ್ಕದಲ್ಲೇ, ಅದೇ ಸ್ಟೂಲಿನ ಮೇಲೆ ಕೂರಿಸಿ ಹಣೆಗೆ ಹೊಲಿಗೆ ಹಾಕಿದಳು. ಅವಳ ಮಣಿಕಟ್ಟಿನ ಮೇಲೆ ಅವನ ಏಟು ಇನ್ನೂ ಕೆಂಪಗಿತ್ತು.

"ಎರಡು ಸಲ ನಿಲ್ಸಿ ಅಂದೆ," ಎಂದ ಮೆಲ್ಲಗೆ. "ಅಲಾರಾಂ ಸದ್ದಲ್ಲಿ ನಿಮಗೆ ಕೇಳಿಸ್ಲಿಲ್ಲ. ಬೇರೆ ದಾರಿ ಇರ್ಲಿಲ್ಲ..."

ಅವಳ ಕಣ್ಣು ತುಂಬಿತು. "ನಾನು ಎಲ್ಲರೆದುರು ಹೊಡೆದೆ. ಆದ್ರೂ ನನಗೋಸ್ಕರ ಅಡ್ಡ ಬಂದ್ರಲ್ಲಾ... ಯಾಕೆ?"

"ಬಂದ ದಿನದಿಂದ ನಿಮ್ಮ ಹತ್ರ ಮಾತಾಡೋಕೆ ಒಂದು ನೆಪ ಹುಡುಕ್ತಿದ್ದೆ. ಸಿಕ್ಕಿದ್ದು ಇದು!"

ಅಳುತ್ತಲೇ ನಕ್ಕಳು ಪಟಾಕಿ. ಆಗ ಕಂಡಿತು... ಅವನ ಬಲಗೈ ಇನ್ನೂ ಪ್ರೋಬ್ ಹಿಡಿದೇ ಇತ್ತು! ಬೆರಳುಗಳು ಮರಗಟ್ಟಿ ಬಿಚ್ಚಲು ಬರುತ್ತಿರಲಿಲ್ಲ. ಅವಳು ಒಂದೊಂದೇ ಬೆರಳನ್ನು ನೀವಿ ಬಿಡಿಸತೊಡಗಿದಳು; ಬಿಡಿಸಿದ ಬೆರಳುಗಳು ಅವಳ ಕೈಯನ್ನೇ ಹಿಡಿದುಕೊಂಡವು.

"ಬಿಡಿ ಈಗ," ಎಂದಳು.

ಅವನು ಗಾಬರಿಯಿಂದ ಕೈ ಹಿಂದೆಳೆದುಕೊಳ್ಳಹೋದ.

"ಪ್ರೋಬ್ ಬಿಡಿ ಅಂದೆ, ಗೂಬೆ ಅವ್ರೇ... ನನ್ನ ಕೈ ಅಲ್ಲ."