ವಿರೋಧಕ್ಕೆ ಎದ್ದ ಒಂದೇ ಕೈ

"ವಿರೋಧ ಇರುವವರಿದ್ದರೆ, ಅದೇ ರೀತಿ ಬಲಗೈ ಎತ್ತಿ ತೋರಿಸಬಹುದು."

ಅಧ್ಯಕ್ಷರು ಈ ಮಾತು ಹೇಳಿ, ಉತ್ತರಕ್ಕೂ ಕಾಯದೆ ಕಾಗದದ ಮುಂದಿನ ಸಾಲಿಗೆ ಹೋಗುವುದು ರೂಢಿ. ಅವರು ಅಧ್ಯಕ್ಷರಾದ ಹನ್ನೆರಡು ವರ್ಷದಲ್ಲಿ ಆ ಸಭೆಯಲ್ಲಿ ವಿರೋಧಕ್ಕೆ ಯಾರೂ ಕೈ ಎತ್ತಿದ್ದೇ ಇಲ್ಲ.

ಅಂದು ಒಂದು ಕೈ ಎದ್ದಿತು.

ಮೂರನೇ ಸಾಲಿನಿಂದ ಎದ್ದ ಆ ಕೈ ಕನ್ನಡಕದಂಗಡಿಯ ಹುಡುಗಿಯದು. ವಾರವಿಡೀ ಗಾಜು ಉಜ್ಜಿ ಉಜ್ಜಿ ಬೆರಳ ತುದಿಗಳು ಬೆಳ್ಳಗಾಗಿದ್ದವು. ಪಿಯಾನೋ ಮುಂದೆ ಕುಳಿತಿದ್ದ ಅವಳ ಸೋದರತ್ತೆಯ ಮೊಣಕೈ ಗಾಬರಿಯಲ್ಲಿ ಕೀಗಳ ಮೇಲೆ ಬಿದ್ದು, ಏಳೆಂಟು ಸ್ವರ ಒಟ್ಟಿಗೆ ಕಿರುಚಿದವು.

ಮೊದಲ ಸಾಲಿನಲ್ಲಿದ್ದ ಲಿಫ್ಟ್ ಮೆಕ್ಯಾನಿಕ್ ನಿಧಾನವಾಗಿ ತಿರುಗಿ ನೋಡಿದ. ವಿರೋಧ ಅವನಿಗೇ ಆಗಿತ್ತು. ಅವಳು ಕಣ್ಣು ತಗ್ಗಿಸಲಿಲ್ಲ. ಅವನೂ ತಗ್ಗಿಸಲಿಲ್ಲ... ಅವನ ಮುಖದಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ. ಅದು ಅವಳನ್ನು ಇನ್ನಷ್ಟು ಉರಿಸಿತು.

ಕ್ರೈಸ್ತರಲ್ಲೇ ಒಂದು ಪಂಗಡದವರು ಸೇರುವ, ಊರಿನವರು 'ಮಾರ್ಮನರ ಸಭೆ' ಎಂದು ಕರೆಯುವ ಆ ಬಾಡಿಗೆ ಹಾಲ್‌ನಲ್ಲಿ ಸಂಬಳದ ಪಾದ್ರಿ ಯಾರೂ ಇಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ ಕಲಿಸುವವರೇ ಅಲ್ಲಿನ ಅಧ್ಯಕ್ಷರು. ಮಕ್ಕಳ ಪಾಠ, ಹಾಡು, ಪ್ರಭುಭೋಜನದ ರೊಟ್ಟಿ ತರುವುದು, ಎಲ್ಲ ಕೆಲಸವೂ ಸದಸ್ಯರಿಗೇ ಹಂಚಿಕೆ. ಯಾರಿಗೆ ಯಾವ ಕೆಲಸ ಕೊಟ್ಟರೂ ಎಲ್ಲರ ಮುಂದೆ ಹೆಸರು ಹೇಳಿ, ಒಪ್ಪಿಗೆಗೆ ಕೈ ಎತ್ತಿಸುತ್ತಾರೆ.

ಆ ಭಾನುವಾರ ದೊಡ್ಡವರ ಗ್ರಂಥಪಾಠಕ್ಕೆ ಹೊಸ ಶಿಕ್ಷಕನಾಗಿ ಬರುವವನಿದ್ದದ್ದು ಆ ಲಿಫ್ಟ್ ಮೆಕ್ಯಾನಿಕ್. ಇಳಿದವರು ಅವಳ ಅಪ್ಪ. ವೃತ್ತಿಯಲ್ಲಿ ಸೈಕಲ್ ರಿಪೇರಿ, ಆದರೆ ಇಪ್ಪತ್ತೊಂದು ವರ್ಷ ಆ ತರಗತಿ ನಡೆಸಿ ನಡೆಸಿ ಎಲ್ಲರ ಬಾಯಲ್ಲೂ ಮೇಷ್ಟ್ರು. ಹೆಂಡತಿ ತೀರಿಕೊಂಡ ವಾರವೂ ಪಾಠ ತಪ್ಪಿಸದ ಮನುಷ್ಯ. ಆ ಕುರ್ಚಿ ಹೋದರೆ ಅಪ್ಪನಿಗೆ ಉಳಿಯುವುದೇನು ಎಂಬ ಒಂದೇ ಯೋಚನೆ ಅವಳ ಕೈಯನ್ನು ಎತ್ತಿಸಿತ್ತು.

ಪಕ್ಕದಲ್ಲೇ ಅಪ್ಪ ಮುಗುಳ್ನಗುತ್ತಾ ಕುಳಿತಿದ್ದರು. ಕಿವಿಯಿಂದ ಒಂದು ಗೇಣು ದೂರದಲ್ಲಿ ಮಗಳ ಕೈ ಎದ್ದು ನಿಂತಿದ್ದರೂ ಅವರು ಕತ್ತು ತಿರುಗಿಸಲಿಲ್ಲ. ಅಪ್ಪನ ದೊಡ್ಡತನ ಎಂದುಕೊಂಡಳು ಮಗಳು.

"ಧನ್ಯವಾದ. ಸಭೆ ಮುಗಿದ ಮೇಲೆ ಬಂದು ಮಾತಾಡಿ" ಎಂದರು ಅಧ್ಯಕ್ಷರು, ಬ್ರೇಕ್ ತಪ್ಪಿ ತುಳಿದ ಶಿಷ್ಯೆಗೆ ಹೇಳುವಷ್ಟೇ ಸಮಾಧಾನವಾಗಿ.

ಅಧ್ಯಕ್ಷರ ಪುಟ್ಟ ಕೋಣೆಯಲ್ಲಿ ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹಿಂದಿನ ಭಾನುವಾರ ಪಾಠ ಮುಗಿದ ಮೇಲೆ ಅಪ್ಪನನ್ನು ಕರೆಯಲು ಹೋದಾಗ ಬಾಗಿಲ ಸಂದಿಯಿಂದ ಕಂಡಿದ್ದಳಂತೆ. ಈ ಮನುಷ್ಯ ಅಪ್ಪನ ಕೈಯಿಂದ ಗ್ರಂಥ ತೆಗೆದುಕೊಂಡು, "ಇನ್ನು ಸಾಕು ಮೇಷ್ಟ್ರೇ, ಅಧ್ಯಕ್ಷರಿಗೆ ಹೇಳಿಬಿಡೋಣ" ಅಂದನಂತೆ. ದೀಕ್ಷಾಸ್ನಾನ ಪಡೆದು ಎರಡು ವರ್ಷ ತುಂಬದವನು ಇಪ್ಪತ್ತೊಂದು ವರ್ಷದವರನ್ನು ಎಬ್ಬಿಸುವುದು ಯಾವ ನ್ಯಾಯ?

ಅಧ್ಯಕ್ಷರು ಅವನನ್ನೂ ಕರೆಸಿದರು.

"ಪುಸ್ತಕ ತಗೊಂಡಿದ್ದು ನಿಜ. ಆ ಮಾತು ಹೇಳಿದ್ದೂ ನಿಜ" ಎಂದ ಅವನು. ಅದಕ್ಕಿಂತ ಒಂದು ಪದ ಹೆಚ್ಚಿಲ್ಲ.

"ಮತ್ತೆ ಯಾಕೆ?" ಎಂದಳು ಅವಳು.

ಅವನು ಅಧ್ಯಕ್ಷರ ಮುಖ ನೋಡಿದ, ಅಧ್ಯಕ್ಷರು ಗೋಡೆಯ ಮುಖ ನೋಡಿದರು. ಇವನು ತಪ್ಪೇನೂ ಮಾಡಿಲ್ಲ, ಉಳಿದದ್ದು ಹೇಳುವುದು ನನ್ನ ಕೈಯಲ್ಲಿಲ್ಲ ಎಂದಷ್ಟೇ ಹೇಳಿ ಅವರು ಮಾತು ಮುಗಿಸಿದರು. ಗಂಡಸರೆಲ್ಲ ಒಂದೇ ಕಡೆ ಎಂದುಕೊಂಡು ಅವಳು ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡಳು.

ಮನೆಗೆ ಹೋಗುವಾಗ ಅಪ್ಪ ಎಂದಿನಂತೆ ಅವಳ ತೋಳು ಹಿಡಿದು ನಡೆಯುತ್ತಿದ್ದರು.

"ಯಾರೋ ವಿರೋಧ ಮಾಡಿದ್ರಲ್ಲ, ಯಾರದು?"

ಅಪ್ಪ ಕೆಣಕುತ್ತಿದ್ದಾರೆ ಎಂದೇ ತಿಳಿದಳು. "ಯಾರೋ ತಲೆಕೆಟ್ಟವರು" ಎಂದಳು.

"ಪಾಪ, ಒಳ್ಳೇ ಹುಡುಗ ಅವನು" ಎಂದರು ಅಪ್ಪ.

ವಿರೋಧವಿದ್ದರೂ ನೇಮಕ ನಿಂತಿತು. ಅವಳು ಪಾಠಕ್ಕೆ ಹೋಗಿ ಕೊನೆಯ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಳು, ತಪ್ಪು ಹುಡುಕಲೆಂದೇ. ಮೊದಲ ವಾರ ಬೇಕಾದಷ್ಟು ಸಿಕ್ಕವು. ಅವನು ತಡವರಿಸಿದ, ಬೆವರಿದ, ಪ್ರವಾದಿಗಳ ಹೆಸರು ಅದಲುಬದಲು ಮಾಡಿದ. ಎರಡನೇ ಪಾಠದಲ್ಲಿ ನಂಬಿಕೆಯ ವಿಷಯ ಬಂತು. ಲಿಫ್ಟಿನೊಳಗೆ ನಿಂತವರಿಗೆ ಮೇಲಿನ ಉಕ್ಕಿನ ಹಗ್ಗ ಕಾಣುವುದಿಲ್ಲ, ಆದರೂ ಆರನೇ ಮಹಡಿಯ ಗುಂಡಿ ಒತ್ತಿ ಆರಾಮಾಗಿ ತಲೆ ಬಾಚಿಕೊಳ್ಳುತ್ತಾರೆ ಎಂದ. ಎಲ್ಲರೂ ನಕ್ಕರು. ಅವಳ ತುಟಿಯೂ ಮಾತು ಕೇಳದೆ ಅರಳಿಬಿಟ್ಟಿತು.

'ಛೆ, ನಾನ್ಯಾಕೆ ನಕ್ಕೆ?'

ಇನ್ನೊಂದು ವಿಷಯ ಅವಳನ್ನು ಕೊರೆಯುತ್ತಿತ್ತು. ಅವನ ಬಾಯಲ್ಲಿ ಅಪ್ಪನ ಮಾತುಗಳು ಬರುತ್ತಿದ್ದವು. "ನಿಧಾನ, ವಚನ ಎಲ್ಲೂ ಓಡಿಹೋಗಲ್ಲ" ಎನ್ನುವುದು, ಓದಿದ ಮೇಲೆ ಮೂರು ಎಣಿಸುವಷ್ಟು ಸುಮ್ಮನಿರುವುದು... ಎಲ್ಲ ಅಪ್ಪನದೇ. ಕುರ್ಚಿ ಸಾಲದು ಅಂತ ಮಾತನ್ನೂ ಕದ್ದನೇ?

ಅವಳ ಅಂಗಡಿಯಿದ್ದ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನೂ ಅವನೇ. ಅದು ನೆನಪಾದಾಗೆಲ್ಲ ಲೆನ್ಸಿನ ಡಬ್ಬ ಹೊತ್ತು ಮೂರು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ಒಂದು ದಿನ ಏದುಸಿರು ಬಿಡುತ್ತಾ ಮೇಲೆ ಬಂದರೆ, ಎಣ್ಣೆ ಡಬ್ಬ ಹಿಡಿದು ಅವನು ಎದುರಿಗೇ ನಿಂತಿದ್ದ.

"ಲಿಫ್ಟಿಗೂ ವಿರೋಧನಾ?" ಎಂದ, ಮೆಲ್ಲಗೆ.

ಅವಳು ಅವನನ್ನು ಬಳಸಿಕೊಂಡು ಅಂಗಡಿಯೊಳಗೆ ಹೋದಳು. ಆದರೆ ಅಂದು ಮಧ್ಯಾಹ್ನ ಒಂದೇ ಲೆನ್ಸನ್ನು ಎರಡು ಸಲ ತಪ್ಪಾಗಿ ಉಜ್ಜಿದಳು.

ಎಲ್ಲವೂ ಬಯಲಾದದ್ದು ಒಂದು ಬುಧವಾರ ಬೆಳಗ್ಗೆ. ಬಸ್ ಸ್ಟಾಪಿನವರೆಗೆ ಹೋದವಳಿಗೆ ಅಂಗಡಿಯ ಬೀಗದ ಕೈ ಮರೆತದ್ದು ನೆನಪಾಗಿ ಮನೆಗೆ ಹಿಂದಿರುಗಿದಳು. ಮನೆಯ ಮುಂದಿನ ಸೈಕಲ್ ಶಾಪಿನಿಂದ ಅವನ ದನಿ ಕೇಳಿಸಿತು.

ಬೋರಲು ಹಾಕಿದ ಡಬ್ಬದ ಮೇಲೆ ಕುಳಿತು ಅವನು ಗ್ರಂಥ ಓದುತ್ತಿದ್ದ. ಅಪ್ಪ ಚಕ್ರವೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಡ್ಡಿಗಳನ್ನು ಬೆರಳಲ್ಲೇ ಮೀಟಿ ಬಿಗಿ ನೋಡುತ್ತಾ, ಅವನು ಓದಿದ್ದನ್ನು ಸಾಲು ಸಾಲಾಗಿ ಹಿಂದಿರುಗಿಸಿ ಹೇಳುತ್ತಿದ್ದರು.

"ಮೇಷ್ಟ್ರೇ, ಇವತ್ತಾದರೂ ಮಗಳಿಗೆ ಹೇಳಿಬಿಡಿ" ಎಂದ ಅವನು ಓದು ನಿಲ್ಲಿಸಿ. "ನನ್ನ ಮೇಲಿನ ಕೋಪ ಇರಲಿ ಬಿಡಿ, ಅದು ಅಭ್ಯಾಸ ಆಗಿದೆ. ಆದರೆ ನೀವು ಒಬ್ಬರೇ ಇದನ್ನ ಹೊತ್ಕೊಂಡು ತಿರುಗೋದು ನೋಡೋಕಾಗಲ್ಲ."

"ಹೇಗಯ್ಯಾ ಹೇಳಲಿ? ಊರಿಗೆಲ್ಲ ಕಣ್ಣು ಕೊಡೋಳು ಅವಳು. ಹೋದ ವರ್ಷ ತನ್ನ ಕೈಯಾರೆ ನನಗೆ ಲೆನ್ಸು ಉಜ್ಜಿ ತಂದ್ಲು. ಎಷ್ಟು ಚೆನ್ನಾಗಿ ಕಾಣುತ್ತೆ ಅಂದುಬಿಟ್ಟೆ. ಅಪ್ಪನ ಕಣ್ಣಿಗೆ ಯಾವ ಗಾಜೂ ಕೆಲಸ ಮಾಡಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

ಅವಳು ಚಪ್ಪಲಿಯನ್ನು ಬಾಗಿಲಲ್ಲೇ ಕಳಚಿದಳು.

ಆಮೇಲೆ ಸದ್ದಿಲ್ಲದೆ ಒಳಗೆ ಹೋದಳು. ಅವನು ಎದ್ದು ನಿಂತ. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಅಪ್ಪನ ಪಕ್ಕದಲ್ಲಿ ನಿಂತು, ಅಂದು ಸಭೆಯಲ್ಲಿ ಎತ್ತಿದಂತೆಯೇ, ಬಲಗೈ ಎತ್ತಿದಳು. ಅವರ ಕಿವಿಯಿಂದ ಒಂದು ಗೇಣು ದೂರಕ್ಕೆ.

ಅಪ್ಪ ಮುಗುಳ್ನಗುತ್ತಾ ಚಕ್ರ ತಿರುಗಿಸುತ್ತಲೇ ಇದ್ದರು.

"ಅಪ್ಪಾ..."

ಸ್ಪ್ಯಾನರ್ ಅವರ ಕೈಯಿಂದ ಜಾರಿ ಬಿತ್ತು. ಅವಳು ಅಪ್ಪನ ಎದೆಗೆ ತಲೆ ಆನಿಸಿ ಅತ್ತಳು. ಎಣ್ಣೆ ಮೆತ್ತಿದ ಕೈಯಲ್ಲೇ ಅಪ್ಪ ತಲೆ ಸವರಿದರು. ಸುತ್ತಲಿಂದ ಕತ್ತಲೆ ಮುಚ್ಚಿಕೊಳ್ಳುತ್ತಾ ಬಂದು ಈಗ ನಡುವೆ ಒಂದಿಷ್ಟು ಬೆಳಕು ಮಾತ್ರ ಉಳಿದಿದೆ, ಕಣ್ಣಿನ ನರವೇ ಸೊರಗಿದೆ, ಇನ್ನು ಸುಧಾರಿಸುವುದಿಲ್ಲ ಎಂದಿದ್ದಾರಂತೆ ಡಾಕ್ಟರು. ವರ್ಷದಿಂದ ನೆನಪಿನ ಮೇಲೆಯೇ ಪಾಠ ನಡೆಸುತ್ತಿದ್ದರಂತೆ. ಪಕ್ಕದಲ್ಲಿ ಕುಳಿತ ಇವನೊಬ್ಬನೇ ಕಂಡುಹಿಡಿದದ್ದು. ಮೇಷ್ಟ್ರು ಅಕ್ಷರ ತಪ್ಪದೆ 'ಓದುತ್ತಿದ್ದ' ಗ್ರಂಥ ಅದರ ಚರ್ಮದ ಹೊದಿಕೆಯೊಳಗೆ ತಲೆಕೆಳಗಾಗಿತ್ತು.

ಅಂದೇ ಅವನು ಅದನ್ನು ಕೈಯಿಂದ ಮೆತ್ತಗೆ ತೆಗೆದುಕೊಂಡಿದ್ದು. ಯಾರಿಗೂ ಹೇಳಕೂಡದೆಂದು ಮೇಷ್ಟ್ರು ಅವನಿಂದಲೂ ಅಧ್ಯಕ್ಷರಿಂದಲೂ ಮಾತು ತೆಗೆದುಕೊಂಡಿದ್ದರು. ಅಂದಿನಿಂದ ದಿನಾ ಬೆಳಗ್ಗೆ, ಮಗಳು ಬಸ್ಸು ಹತ್ತಿದ ಮೇಲೆ, ಅವನು ಬಂದು ಓದಿ ಹೇಳುತ್ತಿದ್ದ.

"ಅಂದು ಆ ಕೈ ಎತ್ತಿದ್ದು ನಾನೇ ಅಪ್ಪ."

"ನೀನಾ?" ಅಪ್ಪ ಅವನಿದ್ದ ಕಡೆಗೆ ಮುಖ ತಿರುಗಿಸಿದರು. "ಅದಕ್ಕೇ ಈ ಹುಡುಗ ಎಷ್ಟು ಕೇಳಿದ್ರೂ ಹೆಸರು ಬಾಯಿ ಬಿಡಲಿಲ್ಲ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ಎಣ್ಣೆ ಡಬ್ಬದ ಮುಚ್ಚಳವನ್ನು ವಿನಾಕಾರಣ ತಿರುಗಿಸುತ್ತಿದ್ದ. ಎಲ್ಲರ ಮುಂದೆ ಅವಮಾನ ಮಾಡಿದವಳ ಹೆಸರನ್ನು ಅವಳಪ್ಪನಿಂದಲೂ ಮುಚ್ಚಿಟ್ಟಿದ್ದನಲ್ಲ... ಎರಡು ತಿಂಗಳಿಂದ ಕೋಪ ಎಂದುಕೊಂಡು ಸಾಕಿದ್ದು ಕೋಪವೇ ಅಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

"ಅಪ್ಪನಿಗೆ ಎಷ್ಟು ಅಧ್ಯಾಯ ಬಾಯಿಗೆ ಬಂದಿದೆ?" ಎಂದು ಅವನನ್ನೇ ಕೇಳಿದಳು.

"ಹನ್ನೊಂದು."

"ಹನ್ನೊಂದು ಅಧ್ಯಾಯ ಸೈಕಲ್ ಚಕ್ರಕ್ಕೆ ಒಪ್ಪಿಸ್ತಾ ಕೂತಿದೀರಾ ಅಪ್ಪ?"

ಮತ್ತೆ ತರಗತಿಯಲ್ಲಿ ನಿಂತು ಹೇಳಿ ಎಂದಳು, ಅಪ್ಪ ಬೇಡವೇ ಬೇಡ ಎಂದರು. ವಚನದಲ್ಲಿ ಒಂದು ಪದ ತಪ್ಪಿದರೂ ತನ್ನ ಜೀವ ತಡೆಯುವುದಿಲ್ಲ ಎಂದರು. ತಪ್ಪಿದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬ ಇರುತ್ತಾನಲ್ಲ ಎಂದಳು ಮಗಳು. ಅತ್ತೆಯನ್ನೂ ಕರೆಸಿ ಹೇಳಿಸಿದಳು. ಮೂರು ದಿನದ ಮೇಲೆ ಅಪ್ಪ ಮಣಿದರು. ಅಷ್ಟರಲ್ಲಿ ಅವಳು ಡ್ರೈವಿಂಗ್ ಸ್ಕೂಲಿಗೇ ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಅಧ್ಯಕ್ಷರನ್ನು ಒಪ್ಪಿಸಿ ಬಂದಿದ್ದಳು.

ತಿಂಗಳ ಮೊದಲ ಭಾನುವಾರ ಬಂತು. ಅಂದು ಎಲ್ಲರೂ ಎರಡು ಹೊತ್ತು ಉಪವಾಸ, ಮನಸ್ಸಿದ್ದವರು ಎದ್ದು ಬಂದು ಮೈಕಿನ ಮುಂದೆ ತಮ್ಮ ನಂಬಿಕೆಯ ಸಾಕ್ಷಿ ಹೇಳುವ ದಿನ. ಅದಕ್ಕೂ ಮೊದಲು ಅಧ್ಯಕ್ಷರು ಕಾಗದ ಬಿಡಿಸಿದರು. ಗ್ರಂಥಪಾಠಕ್ಕೆ ಇನ್ನು ಇಬ್ಬರು ಶಿಕ್ಷಕರು, ಮೇಷ್ಟ್ರು ಮತ್ತು ಲಿಫ್ಟ್ ಮೆಕ್ಯಾನಿಕ್. ಹಾಲ್ ತುಂಬ ಕೈಗಳೆದ್ದವು.

"ವಿರೋಧ ಇರುವವರಿದ್ದರೆ..."

ಇಡೀ ಸಭೆ ಮೂರನೇ ಸಾಲಿನತ್ತ ತಿರುಗಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೇ ಕುಳಿತುಬಿಟ್ಟಳು. ಅಧ್ಯಕ್ಷರೇ ಮೊದಲು ನಕ್ಕರು.

ಸಾಕ್ಷಿಯ ಹೊತ್ತಿಗೆ ಮೊದಲು ಎದ್ದವಳೂ ಅವಳೇ.

"ಎರಡು ತಿಂಗಳ ಹಿಂದೆ ಇಲ್ಲಿ ಒಂದು ಕೈ ಎದ್ದಿತ್ತು. ಅದು ತಪ್ಪಾಗಿತ್ತು. ಒಬ್ಬರು ನನ್ನ ಅಪ್ಪನ ಮರ್ಯಾದೆ ಕಾಪಾಡೋಕೆ ತಮ್ಮ ಮರ್ಯಾದೆ ಕಳ್ಕೊಂಡು ಸುಮ್ಮನಿದ್ದರು. ದೇವರು ನನ್ನ ಪ್ರಾರ್ಥನೆ ಕೇಳ್ತಾನಾ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೆ. ಕೇಳ್ತಾನೆ. ಎಣ್ಣೆ ಡಬ್ಬ ಹಿಡಿದ ಒಬ್ಬರನ್ನ ದಿನಾ ಬೆಳಗ್ಗೆ ನಮ್ಮ ಮನೆಗೆ ಕಳಿಸ್ತಾ ಇದ್ದ. ನಾನೇ ನೋಡಿರಲಿಲ್ಲ."

ಮೊದಲ ಸಾಲಿನವನು ತಲೆಯೆತ್ತಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದು ಮಾತ್ರ ಎಲ್ಲರಿಗೂ ಕಂಡಿತು.

ಆಮೇಲೆ ಪಾಠ. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರೂ ಇದ್ದರು. ಅಪ್ಪ ಬರಿಗೈಯಲ್ಲಿ ಎದ್ದು ನಿಂತರು. ನನಗೀಗ ಅಕ್ಷರ ಕಾಣುವುದಿಲ್ಲ ಎಂದು ಮೊದಲು ತಾವೇ ಹೇಳಿದರು. ಹೇಳಿದ ಮೇಲೆ ಅವರ ಭುಜ ಹಗುರಾದದ್ದು ಮಗಳಿಗೆ ಕಾಣಿಸಿತು. ಎದೆಯೊಳಗೆ ಬಿತ್ತಿದ ಬೀಜದಂತೆ ನಂಬಿಕೆ ಬೆಳೆಯುವ ಅಧ್ಯಾಯವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೇಳಿದರು. ನಡುವೆ ಒಂದು ಕಡೆ ಸಾಲು ಮರೆತು ತಡೆದರು... ಅತ್ತೆ ಉಸಿರು ಬಿಗಿಹಿಡಿದಳು. ಪಕ್ಕದಲ್ಲಿ ಗ್ರಂಥ ಹಿಡಿದಿದ್ದವನು ಬಾಯಿ ಬಿಡಲಿಲ್ಲ, ಕಾದ. ಮೂರು ಎಣಿಸುವಷ್ಟರಲ್ಲಿ ಸಾಲು ತಾನಾಗಿ ಬಂತು, ಆಮೇಲೆ ಎಲ್ಲೂ ನಿಲ್ಲಲಿಲ್ಲ.

ಮುಗಿದಾಗ ಅವನು ಪುಸ್ತಕ ಮುಚ್ಚಿದ.

"ಒಂದಕ್ಷರ ತಪ್ಪಿಲ್ಲ ಮೇಷ್ಟ್ರೇ."

ಎಲ್ಲರೂ ಎದ್ದು ನಿಂತಿದ್ದರು. ಅಪ್ಪನಿಗೆ ಅದು ಕಾಣಲಿಲ್ಲ, ಆದರೆ ಅಷ್ಟು ಕುರ್ಚಿ ಒಟ್ಟಿಗೆ ಸರಿದ ಸದ್ದಿಗೆ ಅವರ ಕಣ್ಣು ತುಂಬಿತು.

ಎಲ್ಲರೂ ಹೋದ ಮೇಲೆ ಮಡಚುವ ಕುರ್ಚಿಗಳನ್ನು ಗೋಡೆಗೆ ಜೋಡಿಸುವ ಕೆಲಸ ಅವರಿಬ್ಬರಿಗೆ ಉಳಿಯಿತು. ಅತ್ತೆಯೇ ಉಳಿಸಿದ್ದು ಎನ್ನಿ. ಅಪ್ಪ ಬಾಗಿಲ ಬಳಿ ಕಾಯುತ್ತಿದ್ದರು.

"ಒಂದು ಹೆಸರು ಸಭೆಯ ಮುಂದೆ ಇಡೋದಿತ್ತು" ಎಂದ ಅವನು, ಕುರ್ಚಿ ಹಿಡಿದುಕೊಂಡೇ. "ಈ ಲಿಫ್ಟ್ ಮೆಕ್ಯಾನಿಕ್ಕನ್ನ ಮೇಷ್ಟ್ರ ಅಳಿಯನ ಕೆಲಸಕ್ಕೆ ಕರೆಯಬೇಕು ಅಂತ... ಒಪ್ಪಿಗೆ ಇರುವವರು ಬಲಗೈ ಎತ್ತಿ ತೋರಿಸಬಹುದು."

ಅವಳು ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಒರಗಿಸಿದಳು. ಸುಲಭಕ್ಕೆ ಬಿಡಲಿಲ್ಲ. "ಎಷ್ಟು ದಿನದ ನೇಮಕ?"

"ಸಾಯೋವರೆಗೆ ಅನ್ನೋ ಲೆಕ್ಕ ನಮ್ಮಲ್ಲಿ ಇಲ್ಲವಲ್ಲ. ನಮ್ಮ ಸಭೆಯ ದೇವಾಲಯದಲ್ಲಿ ಆಗೋ ಮದುವೆ ಸತ್ತ ಮೇಲೂ ಇರುತ್ತೆ... ಎಂದೆಂದಿಗೂ."

"ಎಂದೆಂದಿಗೂ ಅಂದ್ರೆ ಬಹಳ ದಿನ ಆಗುತ್ತೆ. ಯೋಚನೆ ಮಾಡಿದೀರಾ?"

"ಆ ಕೈ ಎದ್ದ ದಿನದಿಂದ ಅದೇ ಯೋಚನೆ. ಅಪ್ಪನಿಗೋಸ್ಕರ ಇಡೀ ಸಭೆ ಎದುರು ನಿಂತವರು ನೀವು. ಅಂಥವರು ನನ್ನ ಕಡೆ ನಿಂತರೆ ಹೇಗಿರುತ್ತೆ ಅಂತ."

ಬಾಗಿಲ ಬಳಿಯಿಂದ ಅಪ್ಪ ಕೆಮ್ಮಿದರು.

"ಏನಯ್ಯಾ, ಕೈ ಎತ್ತಿದ್ಲಾ ಇಲ್ವಾ? ನನಗೆ ಕಾಣಲ್ಲ, ಯಾರಾದ್ರೂ ಹೇಳಿ."

ಅವಳು ಹಾಲ್ ದಾಟಿ ಅಪ್ಪನ ಬಳಿಗೆ ಹೋದಳು. ಅವರ ಕೈ ಹಿಡಿದು, ಮೇಲಕ್ಕೆ ಎತ್ತಿದ್ದ ತನ್ನ ಬಲಗೈಯ ಮೇಲೆ ಇಟ್ಟಳು. ಅಪ್ಪ ಬೆರಳ ತುದಿಯವರೆಗೂ ಸವರಿ ನೋಡಿದರು.

"ಎತ್ತಿದಾಳೆ ಕಣಯ್ಯಾ" ಎಂದರು. "ಈ ಸಲ ನಾನೂ ನೋಡಿದೆ."