ಬಲಗಡೆ ಜೋತುಬೀಳುವ ಗೆರೆ

ನನ್ನ ಅಕ್ಕ ಇದೇ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಲಕ್ವ ಹೊಡೆದ ಮೇಲೂ ಪಾಠ ಬಿಡಲಿಲ್ಲ. ಬೋರ್ಡಿನ ಮೇಲೆ ಬಟ್ಟಲಿನಂಥ ಪರವಲಯ ಬರೆಯುವಾಗ ಎಡಗಡೆ ನೆಟ್ಟಗೆ ಬರುತ್ತಿತ್ತು. ಬಲಗಡೆ ಏರುವಷ್ಟರಲ್ಲಿ ಕೈ ಸೋತು ಗೆರೆ ಜೋತುಬೀಳುತ್ತಿತ್ತು. ಅವಳು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಮುಂದೆ ಎಕ್ಸ್ ವರ್ಗದ ನಕ್ಷೆ, ಅದೇ ಬಟ್ಟಲಿನಂಥ ಗೆರೆ, ಬರೆಯಲು ಕಂಪ್ಯೂಟರಿಗೆ ಹೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಮೂಡಬೇಕಾದ ಗೆರೆ ಎಡದಿಂದ ನಿಧಾನವಾಗಿ ಇಳಿಯಿತು, ತಳದಲ್ಲಿ ತಡೆದು ನಿಂತಿತು, ಬಲಕ್ಕೆ ಏರುತ್ತ ಜೋತುಬಿತ್ತು. ಎಲ್ಲೋ ಸೀಮೆಸುಣ್ಣ ಕಿರುಗುಟ್ಟಿದ ಸದ್ದು. ಆ ಕೋಣೆಯಲ್ಲಿ ಬೋರ್ಡೇ ಇಲ್ಲ.

“ಮೇಡಂ, ಬಲಗಡೆ ಸೊಟ್ಟ ಬಂದಿದೆ,” ಎಂದು ಹುಡುಗಿಯೊಬ್ಬಳು ನಕ್ಕಳು.

ಕಂಪ್ಯೂಟರಿಗೆ ಎಕ್ಸ್ ವರ್ಗದ ಬೆಲೆಗಳನ್ನು ಕೇಳಿದೆ. ಮೂರಕ್ಕೂ ಒಂಬತ್ತು, ಮೈನಸ್ ಮೂರಕ್ಕೂ ಒಂಬತ್ತು. ಲೆಕ್ಕ ಸರಿ, ಚಿತ್ರ ಮಾತ್ರ ಸೊಟ್ಟ. ಮೌಸ್ ಹಿಡಿದ ನನ್ನ ಬೆರಳುಗಳು ಮರಗಟ್ಟಿದ್ದವು.

ಲ್ಯಾಬ್ ನೋಡಿಕೊಳ್ಳುವವರು ತಂತ್ರಾಂಶವನ್ನು ಅಳಿಸಿ ಹೊಸದಾಗಿ ಹಾಕಿದರು, ಕೊನೆಗೆ ಕಂಪ್ಯೂಟರನ್ನೇ ಬದಲಾಯಿಸಿದರು. ಅವರು ಬರೆಸಿದರೆ ನಕ್ಷೆ ನೆಟ್ಟಗೆ ಬರುತ್ತದೆ. “ನೀವು ಕೂತಾಗ ಮಾತ್ರ ಹೀಗಾಗುತ್ತೆ ನೋಡಿ. ಸ್ವಲ್ಪ ದಿನ ರಜೆ ಹಾಕಿ ಮೇಡಂ,” ಎಂದರು, ನನ್ನ ಮುಖ ನೋಡದೆ.

ರಜೆ ಹಾಕಲಿಲ್ಲ. ನಿಜ ಹೇಳಬೇಕೆಂದರೆ, ಖಾಲಿ ಲ್ಯಾಬಿನಲ್ಲಿ ಕೂತು ಆ ಗೆರೆಯನ್ನು ಮತ್ತೆ ಮತ್ತೆ ಬರೆಸುತ್ತಿದ್ದೆ. ನನ್ನ ಪಕ್ಕದಲ್ಲೇ ಅಕ್ಕ ಇದ್ದಾಳೆಂದು ಭಯದ ನಡುವೆಯೂ ಸಮಾಧಾನವಾಗುತ್ತಿತ್ತು.

ಈ ವಾರದಿಂದ ಎಡಗಡೆಯೂ ಜೋತುಬೀಳುತ್ತಿದೆ. ಅಕ್ಕ ಬರೆದ ಗೆರೆಯ ಎಡಗಡೆ ಕೊನೆಯ ಪಾಠದವರೆಗೂ ನೆಟ್ಟಗೇ ಇತ್ತು.